ಮಾಯಾಮಂತ್ರದ ಕಥೆಪುಸ್ತಕಕ್ಕೆ ಚರ್ಚಿನವರ ಆಕ್ಷೇಪ: ನೀವು ಹೇಗೆ ನಿಭಾಯಿಸಿದಿರಿ?

ಪ್ರಶ್ನೆ: ಡಾಲಸ್‌ನಲ್ಲಿರುವ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿ ಕಡೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬ. ಈಗ ಡಾಲಸ್ ಹತ್ತಿರ ಇದ್ದೇವೆ. ಮಗಳಿಗೆ ಒಂಬತ್ತು ವರ್ಷ. ಕ್ಲಾಸಿನ ಮಕ್ಕಳೆಲ್ಲ ಹ್ಯಾರಿ ಪಾಟರ್ (ಮಾಯಾಮಂತ್ರದ ಶಾಲೆಗೆ ಸೇರುವ ಹುಡುಗನ ಕಥೆಯ ಸರಣಿ) ಓದುತ್ತಿದ್ದಾರೆ, ಇವಳಿಗೂ ಬೇಕು. ಆದರೆ ನಮ್ಮ ಬೈಬಲ್ ಸ್ಟಡಿ ಗುಂಪಿನಲ್ಲಿ ಹಲವರು ಅದನ್ನು ಮನೆಯೊಳಗೇ ಬಿಡುವುದಿಲ್ಲ. "ಮಾಟಮಂತ್ರ ಕಲಿಸುವ ಪುಸ್ತಕ, ದೇವರ ವಾಕ್ಯಕ್ಕೆ ವಿರುದ್ಧ" ಅನ್ನುತ್ತಾರೆ. ಊರಿನಿಂದ ಅತ್ತೆಯೂ ಬೇಡ ಅಂದರು. ನಮ್ಮವರು "ಸುಮ್ನೆ ಒಂದು ಕಥೆ, ಓದಲಿ ಬಿಡು" ಅನ್ನುತ್ತಾರೆ. ಈ ಊರಲ್ಲಿ ನಮ್ಮ ಕಷ್ಟಕ್ಕೆ ಆದವರು ಆ ಗುಂಪಿನವರೇ. ಅವರನ್ನು ನೋಯಿಸಲಾರೆ. ಮಗಳ ಓದಿನ ಆಸೆಗೆ ತಣ್ಣೀರು ಎರಚಲೂ ಮನಸ್ಸಿಲ್ಲ. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಅಟ್ಲಾಂಟಾದಿಂದ

ಈ ಗಲಾಟೆ ಜೋರಾಗಿದ್ದ ಕಾಲದಲ್ಲೇ ನನ್ನ ದೊಡ್ಡ ಮಗ ಓದಲು ಕಲಿತದ್ದು. ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ನಿಮ್ಮ ಗುಂಪಿನವರ ಮಾತು ಎಲ್ಲಿಂದ ಬಂತು ಅಂತ ತಿಳಿದರೆ ಅವರ ಜೊತೆ ಮಾತಾಡುವುದು ಸುಲಭ.

ಮೊದಲ ಪುಸ್ತಕ ಬ್ರಿಟನ್‌ನಲ್ಲಿ 1997ರಲ್ಲಿ, ಅಮೆರಿಕದಲ್ಲಿ 1998ರಲ್ಲಿ ಬಂತು. ಇಲ್ಲಿ ಜನ "ಈ ಪುಸ್ತಕ ತೆಗೆಯಿರಿ" ಅಂತ ಶಾಲೆ, ಲೈಬ್ರರಿಗಳಿಗೆ ದೂರು ಕೊಡುತ್ತಾರಲ್ಲ, ಅಂಥ ಪುಸ್ತಕಗಳ ಪಟ್ಟಿಯನ್ನು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಪ್ರತಿವರ್ಷ ಮಾಡುತ್ತದೆ. 1999ರಿಂದ 2002ರವರೆಗೆ ಅದರಲ್ಲಿ ಮೊದಲ ಸ್ಥಾನ ಇದೇ ಸರಣಿಗೆ. 2001ರ ಡಿಸೆಂಬರ್ ಕೊನೆಯಲ್ಲಿ ನ್ಯೂ ಮೆಕ್ಸಿಕೋದ ಅಲಮಗೋರ್ಡೊದಲ್ಲಿ ಒಂದು ಚರ್ಚಿನವರು ಈ ಪುಸ್ತಕಗಳನ್ನು ಬೆಂಕಿಗೆ ಹಾಕಿದರು. ನಮ್ಮ ಪಕ್ಕದ ಗ್ವಿನೆಟ್ ಕೌಂಟಿಯಲ್ಲಿ ಒಬ್ಬ ತಾಯಿ 2005ರಲ್ಲಿ ಶಾಲೆಗಳಿಂದ ತೆಗೆಸಲು ಹೊರಟರು. ಕೌಂಟಿಯ ಶಾಲಾ ಬೋರ್ಡ್ ಒಪ್ಪಲಿಲ್ಲ, ರಾಜ್ಯದ ಶಿಕ್ಷಣ ಬೋರ್ಡ್ ಒಪ್ಪಲಿಲ್ಲ, 2007ರಲ್ಲಿ ಕೋರ್ಟೂ ಒಪ್ಪಲಿಲ್ಲ.

ಇನ್ನೊಂದು ವಿಷಯ. 2000ರಲ್ಲಿ ದಿ ಆನಿಯನ್ ಎಂಬ ಅಣಕು ಪತ್ರಿಕೆ, ಈ ಪುಸ್ತಕ ಓದಿ ಮಕ್ಕಳು ಸೈತಾನನ ಕಡೆ ಹೋಗುತ್ತಿದ್ದಾರೆ ಅಂತ ಒಂದು ಸುಳ್ಳು ಸುದ್ದಿ ಬರೆಯಿತು. ನಗಿಸಲು ಬರೆದದ್ದು. ಅದು ಈಮೇಲ್‌ನಲ್ಲಿ ಹರಿದಾಡಿತು. ಎಷ್ಟೋ ಅಪ್ಪ-ಅಮ್ಮಂದಿರು ನಿಜ ಅಂತ ನಂಬಿದರು. ನನಗೂ ಬಂದಿತ್ತು. ಕಳಿಸಿದವರು ಕೆಟ್ಟವರಲ್ಲ. ನನ್ನ ಮಗನ ಮೇಲಿನ ಅಕ್ಕರೆಯಿಂದಲೇ ಕಳಿಸಿದ್ದರು.

ಈಗ ನಿಮ್ಮ ವಿಷಯ. "ಆಕ್ಷೇಪ" ಅಂತ ನಾವು ಒಂದೇ ಮಾತಲ್ಲಿ ಹೇಳುತ್ತೇವೆ. ಆದರೆ ಅದರೊಳಗೆ ಬೇರೆ ಬೇರೆ ಭಯಗಳಿರುತ್ತವೆ. ಪುಸ್ತಕದಲ್ಲಿರುವ ಮಂತ್ರಗಳು ನಿಜಕ್ಕೂ ಕೆಲಸ ಮಾಡುತ್ತವೆ ಅಂತ ನಂಬುವವರಿದ್ದಾರೆ. ಪುಸ್ತಕದಲ್ಲಿ ಏನಿಲ್ಲದಿದ್ದರೂ ಮಗುವಿನ ಕುತೂಹಲ ಮುಂದೆ ಬೇರೆ ಕಡೆ ಹೊರಳಬಹುದು ಅಂತ ಹೆದರುವವರಿದ್ದಾರೆ. ಕೆಲವರಿಗೆ ಮಂತ್ರದ ಚಿಂತೆಯೇ ಇಲ್ಲ. ಹ್ಯಾರಿ ಸುಳ್ಳು ಹೇಳುತ್ತಾನೆ, ನಿಯಮ ಮುರಿಯುತ್ತಾನೆ, ಆದರೂ ಕೊನೆಗೆ ಅವನಿಗೇ ಶಹಬ್ಬಾಸ್ ಸಿಗುತ್ತದೆ ಅನ್ನುವುದು ಅವರ ತಕರಾರು. ಒಬ್ಬೊಬ್ಬರಿಗೂ ಬೇರೆ ಉತ್ತರ ಬೇಕು. ಅದಕ್ಕೇ ಮೊದಲು ಕೇಳಿ, ಆಮೇಲೆ ಹೇಳಿ.

ಮಗನ ಗೆಳೆಯನ ತಾಯಿ ಈ ಪುಸ್ತಕದ ಹೆಸರು ಎತ್ತಿದರೇ ಎದ್ದು ಹೋಗುತ್ತಿದ್ದರು. ಒಂದು ಸಂಜೆ ಕಾಫಿಗೆ ಕರೆದು, "ನಿಮಗೆ ಇದರಲ್ಲಿ ಯಾವುದು ನೋವು ಕೊಡುತ್ತದೆ?" ಅಂತ ಕೇಳಿದೆ. ಅವರ ತಂಗಿ ಕಾಲೇಜಿನಲ್ಲಿ ಓಯಿಜಾ ಬೋರ್ಡ್ (ಅಕ್ಷರಗಳಿರುವ ಹಲಗೆ) ಇಟ್ಟುಕೊಂಡು ಸತ್ತವರನ್ನು ಕರೆಯುವ ಆಟಕ್ಕೆ ಬಿದ್ದು, ವರ್ಷಗಟ್ಟಲೆ ನಿದ್ದೆಯಿಲ್ಲದೆ ನರಳಿದ್ದರಂತೆ. ಅದನ್ನು ಕೇಳಿದ ಮೇಲೆ ನಾನು ವಾದಕ್ಕೆ ಹೋಗಲಿಲ್ಲ. ಒಂದು ಒಪ್ಪಂದಕ್ಕೆ ಬಂದೆವು: ನನ್ನ ಮಗ ಅವರ ಮನೆಗೆ ಆ ಪುಸ್ತಕ ಒಯ್ಯುವುದಿಲ್ಲ, ಅಲ್ಲಿ ಅದರ ಕಥೆ ಹೇಳುವುದಿಲ್ಲ. ನಮ್ಮ ಮನೆಯ ಓದಿನ ಬಗ್ಗೆ ಅವರು ಏನೂ ಹೇಳುವುದಿಲ್ಲ. ಇಬ್ಬರು ಹುಡುಗರೂ ಇವತ್ತಿಗೂ ಸ್ನೇಹಿತರು.

ಮಂಗಳೂರಿನ ಸಂಡೇ ಸ್ಕೂಲ್ ಟೀಚರ್

ಗುಂಪಿನವರು ವಾಕ್ಯ ತೋರಿಸಿದರೆ ನೀವೂ ಅದೇ ವಾಕ್ಯ ತೆಗೆದು ಜೊತೆಗೆ ಕೂತು ಓದಿ. ಸಾಮಾನ್ಯವಾಗಿ ತೋರಿಸುವುದು ಧರ್ಮೋಪದೇಶಕಾಂಡ 18ನೇ ಅಧ್ಯಾಯ, 10ರಿಂದ 12ನೇ ವಚನ. ಕಣಿ ಕೇಳುವುದು, ಶಕುನ ನೋಡುವುದು, ಮಾಟ ಮಾಡುವುದು, ಸತ್ತವರ ಹತ್ತಿರ ವಿಚಾರಿಸುವುದು, ಇವೆಲ್ಲ ಬೇಡ ಅನ್ನುತ್ತದೆ. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ನನ್ನ ಕ್ಲಾಸಿನ ಮಕ್ಕಳಿಗೂ ಅದನ್ನೇ ಹೇಳುತ್ತೇನೆ. ಆದರೆ ಅಲ್ಲಿ ಬೇಡ ಅಂದಿರುವುದು ಮಾಡುವುದನ್ನು. ಹಾಗೆ ಮಾಡುವವರ ಕಥೆಯನ್ನು ಓದಬಾರದು ಅಂದಿಲ್ಲ. ಸತ್ತುಹೋಗಿದ್ದ ಪ್ರವಾದಿ ಸಮುವೇಲನನ್ನು ಸೌಲ ರಾಜ ಕರೆಸಿದ ಕಥೆ ಬೈಬಲಿನಲ್ಲೇ ಇದೆ, ಅಲ್ವಾ?

ಪುಸ್ತಕ ಸುಡುವ ಮಾತಿಗೆ ಅಪೊಸ್ತಲರ ಕೃತ್ಯಗಳು 19:19 ತೋರಿಸುತ್ತಾರೆ. ಎಫೆಸದಲ್ಲಿ ಮಾಟಗಾರರು 50,000 ಬೆಳ್ಳಿನಾಣ್ಯ ಬೆಲೆಯ ಪುಸ್ತಕಗಳನ್ನು ಸುಟ್ಟ ಭಾಗ ಅದು. ಅವರು ಸುಟ್ಟದ್ದು ತಮ್ಮ ಪುಸ್ತಕಗಳನ್ನು, ತಾವೇ ಮನಸ್ಸು ತಿರುಗಿಸಿಕೊಂಡು. ಇದನ್ನು ಮೆಲ್ಲಗೆ ಹೇಳಿ, ಸಾಕು.

"ಹಾಗಾದರೆ ನಾರ್ನಿಯಾ ಯಾಕೆ ಓದಿಸುತ್ತೀರಿ?" ಅಂತ ಕೇಳುವುದು ರೂಢಿ. ಕ್ರೈಸ್ತ ಲೇಖಕ ಸಿ. ಎಸ್. ಲೂಯಿಸ್ ಅವರ ಆ ಮಕ್ಕಳ ಕಥೆಗಳ ಸರಣಿ 1950ರಲ್ಲಿ ಶುರುವಾಯಿತು. ಅದರಲ್ಲೂ ಮಾಟಗಾತಿ ಇದ್ದಾಳೆ, ಮಾಯೆ ಇದೆ. ಆದರೆ ಆಕ್ಷೇಪ ಮಾಡುವವರು ಒಂದು ವ್ಯತ್ಯಾಸ ಹೇಳುತ್ತಾರೆ. ನಾರ್ನಿಯಾಕ್ಕೆ ಹೋಗುವ ಮಕ್ಕಳು ಮಾಟ ಕಲಿಯಲು ಹೋಗುವುದಿಲ್ಲ. ಹ್ಯಾರಿ ಶಾಲೆಗೆ ಸೇರಿ ಪಾಠದ ಹಾಗೆ ಮಂತ್ರ ಕಲಿಯುತ್ತಾನೆ. ಈ ಮಾತಿನಲ್ಲಿ ತೂಕ ಇದೆ, ತಳ್ಳಿಹಾಕಬೇಡಿ. ನಾನು ಕೊಡುವ ಉತ್ತರ ಇಷ್ಟೇ: ಆ ಕಥೆಯಲ್ಲಿ ಮಂತ್ರಶಕ್ತಿ ಹುಟ್ಟಿನಿಂದ ಬರುತ್ತದೆ. ಯಾವ ದೆವ್ವವನ್ನೂ ಬೇಡಿಕೊಂಡು ಪಡೆದದ್ದಲ್ಲ. ಯಾವ ಮಂತ್ರವೂ ಸತ್ತವರನ್ನು ಎಬ್ಬಿಸಲಾರದು ಅಂತ ಮುಖ್ಯೋಪಾಧ್ಯಾಯರೇ ಹೇಳುತ್ತಾರೆ. ಹ್ಯಾರಿಯನ್ನು ಕಾಯುವುದು ಅವನಿಗಾಗಿ ಪ್ರಾಣ ಕೊಟ್ಟ ತಾಯಿಯ ಪ್ರೀತಿ. 2007ರಲ್ಲಿ ಬಂದ ಕೊನೆಯ ಪುಸ್ತಕದಲ್ಲಿ ಚರ್ಚಿನ ಸಮಾಧಿಗಳ ಮೇಲೆ ಬೈಬಲಿನ ಎರಡು ವಾಕ್ಯಗಳಿವೆ. ಒಂದು 1 ಕೊರಿಂಥ 15:26 (ಕೊನೆಯ ಶತ್ರುವಾದ ಮರಣ ನಾಶವಾಗುತ್ತದೆ ಅನ್ನುವುದು), ಇನ್ನೊಂದು ಮತ್ತಾಯ 6:21 (ನಿನ್ನ ಸಂಪತ್ತು ಇರುವಲ್ಲೇ ನಿನ್ನ ಮನಸ್ಸೂ ಇರುತ್ತದೆ ಅನ್ನುವುದು). ನಮ್ಮ ಹೈಸ್ಕೂಲ್ ಮಕ್ಕಳಿಗೆ ಇದನ್ನು ತೋರಿಸಿದಾಗ ಅವರ ಮುಖ ನೋಡಬೇಕಿತ್ತು! ಮನೆಗೆ ಹೋಗಿ ಬೈಬಲ್ ತೆಗೆದು ನೋಡಿಕೊಂಡು ಬಂದರು.

ನ್ಯೂಜೆರ್ಸಿಯಿಂದ ಒಬ್ಬ ತಂದೆ

ನಾವು ಒಂಬತ್ತು ವರ್ಷಕ್ಕೆ ಕೊಡಲಿಲ್ಲ. ಧರ್ಮ ಒಂದೇ ಕಾರಣ ಅಲ್ಲ. ನನ್ನ ಮಗ ಕೇಳಿದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವ ಹುಡುಗ. ಕತ್ತಲೆಗೆ ಹೆದರುತ್ತಿದ್ದ. ಮೊದಲ ಪುಸ್ತಕದಲ್ಲಿ ಹ್ಯಾರಿಗೆ ಹನ್ನೊಂದು ವರ್ಷ, ಕೊನೆಯದರಲ್ಲಿ ಹದಿನೇಳು. ಪುಸ್ತಕಗಳೂ ಅವನ ಜೊತೆಗೇ ಬೆಳೆಯುತ್ತವೆ. ನಾಲ್ಕನೆಯದರ ಕೊನೆಯಲ್ಲಿ ಒಬ್ಬ ಒಳ್ಳೆಯ ಹುಡುಗ ಸಾಯುತ್ತಾನೆ. ಸ್ಮಶಾನ, ರಕ್ತ, ಮೂಳೆ ಎಲ್ಲ ಬರುತ್ತದೆ. ಒಂದರ ಹಿಂದೆ ಒಂದು ಓದಿಸಿದರೆ ಒಂಬತ್ತರ ಮಗು ಕೆಲವೇ ತಿಂಗಳಲ್ಲಿ ಅಲ್ಲಿಗೆ ಬಂದುಬಿಡುತ್ತದೆ.

ಹನ್ನೊಂದು ತುಂಬಿದ ಮೇಲೆ ವರ್ಷಕ್ಕೆ ಒಂದು ಪುಸ್ತಕ ಅಂತ ಮನೆಯಲ್ಲಿ ಮಾತಾಯಿತು. ಅವನಿಗೂ ಕಾರಣ ಹೇಳಿದೆವು. "ಕೆಟ್ಟ ಪುಸ್ತಕ" ಅನ್ನಲಿಲ್ಲ, "ನಿನಗೆ ಇನ್ನೂ ಹೊತ್ತು ಬಂದಿಲ್ಲ" ಅಂದೆವು. ಕೊಡದಿರುವುದೂ ಒಂದು ದಾರಿ. ಆದರೆ ಅದು ನಿಮ್ಮ ಮಗಳನ್ನು ನೋಡಿ ನೀವೇ ಮಾಡಿದ ತೀರ್ಮಾನ ಆಗಿರಲಿ, ಗುಂಪಿಗೆ ಹೆದರಿ ಮಾಡಿದ್ದಾಗಬಾರದು.

ಕಥೋಲಿಕ ಕುಟುಂಬದವರೊಬ್ಬರು, ಟೆನೆಸಿ

ನಮ್ಮಲ್ಲಿ "ಪೋಪ್ ಬೇಡ ಅಂದಿದ್ದಾರೆ" ಅಂತ ಹೇಳುವವರು ಜಾಸ್ತಿ. ಆಗಿದ್ದು ಇಷ್ಟು. 2003ರಲ್ಲಿ, ಇನ್ನೂ ಕಾರ್ಡಿನಲ್ ಆಗಿದ್ದ ರಾಟ್ಸಿಂಗರ್ ಒಬ್ಬ ಜರ್ಮನ್ ಲೇಖಕಿಗೆ ಪತ್ರ ಬರೆದರು. ಆಕೆ ಈ ಸರಣಿಯನ್ನು ಟೀಕಿಸಿ ಬರೆದ ಪುಸ್ತಕಕ್ಕೆ ಧನ್ಯವಾದ ಹೇಳಿದ ಪತ್ರ. ಗೊತ್ತಾಗದಂತೆ ಮನಸ್ಸನ್ನು ಸೆಳೆಯುವ ಅಂಶ ಇದರಲ್ಲಿದೆ ಅನ್ನುವ ಅರ್ಥದ ಮಾತು ಅದರಲ್ಲಿತ್ತು. 2005ರಲ್ಲಿ ಅವರು ಪೋಪ್ (ಹದಿನಾರನೇ ಬೆನೆಡಿಕ್ಟ್) ಆದ ಮೇಲೆ ಅದು ದೊಡ್ಡ ಸುದ್ದಿಯಾಯಿತು. ಅದು ಖಾಸಗಿ ಪತ್ರ, ಧರ್ಮಸಭೆಯ ಆಜ್ಞೆ ಅಲ್ಲ. ಅದೇ 2003ರಲ್ಲಿ ವ್ಯಾಟಿಕನ್‌ನ ಒಂದು ಪತ್ರಿಕಾಗೋಷ್ಠಿಯಲ್ಲಿ ಫಾದರ್ ಪೀಟರ್ ಫ್ಲೀಟ್‌ವುಡ್ ಈ ಪುಸ್ತಕಗಳ ಪರವಾಗಿ ಮಾತಾಡಿದ್ದರು. 2009ರಲ್ಲಿ ವ್ಯಾಟಿಕನ್ನಿನ ಪತ್ರಿಕೆ ಆರನೇ ಸಿನಿಮಾವನ್ನು ಹೊಗಳಿತು.

ಆದರೂ ವಿಷಯ ಮುಗಿದಿಲ್ಲ. 2019ರಲ್ಲಿ ನಮ್ಮ ನ್ಯಾಶ್‌ವಿಲ್‌ನ ಒಂದು ಕಥೋಲಿಕ ಶಾಲೆಯ ಲೈಬ್ರರಿಯಿಂದ ಈ ಪುಸ್ತಕಗಳನ್ನು ತೆಗೆದರು. ಅವುಗಳಲ್ಲಿರುವ ಮಂತ್ರಗಳು ನಿಜವಾದವು ಅನ್ನುವುದು ಅಲ್ಲಿನ ಫಾದರ್ ಕೊಟ್ಟ ಕಾರಣ. ನಾನು ಅದನ್ನು ಒಪ್ಪುವುದಿಲ್ಲ. ನಮ್ಮ ಚರ್ಚಿನ ಫಾದರ್ ಹತ್ತಿರ ಹೋಗಿ ನೇರವಾಗಿ ಕೇಳಿದೆ. "ನೀವು ಮೊದಲು ಓದಿ, ಆಮೇಲೆ ಮಗುವಿನ ಜೊತೆ ಓದಿ" ಅಂದರು. ನೀವೂ ನಿಮ್ಮ ಪಾಸ್ಟರ್ ಹತ್ತಿರ ಒಮ್ಮೆ ಮಾತಾಡಿ. ಗುಂಪಿನವರಷ್ಟು ಬಿಗಿ ಅವರು ಇಲ್ಲದೆಯೂ ಇರಬಹುದು.

ಇಂಥದ್ದೇ ಮನೆಯಲ್ಲಿ ಬೆಳೆದ ಹುಡುಗಿ

ನಮ್ಮ ಮನೆಯಲ್ಲಿ ಪೂರ್ತಿ ನಿಷೇಧ ಇತ್ತು. ಶಾಲೆಯ ಲೈಬ್ರರಿಯಲ್ಲಿ ಕೂತು ಓದಿ, ಅಲ್ಲೇ ಇಟ್ಟು ಬರುತ್ತಿದ್ದೆ. ಕಥೆಯಿಂದ ನನ್ನ ನಂಬಿಕೆಗೆ ಏನೂ ಆಗಲಿಲ್ಲ, ಈಗಲೂ ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತೇನೆ. ಕಷ್ಟ ಆದದ್ದು ಬೇರೆ. ಓದುವಾಗ ಭಯವಾದರೆ, ಪ್ರಶ್ನೆ ಬಂದರೆ ಅಮ್ಮನ ಹತ್ತಿರ ಕೇಳುವ ಹಾಗಿರಲಿಲ್ಲ. ಸತ್ತವರ ಬಗ್ಗೆ, ದುಷ್ಟತನದ ಬಗ್ಗೆ ಅಷ್ಟು ದೊಡ್ಡ ಪ್ರಶ್ನೆಗಳನ್ನು ಹತ್ತು ವರ್ಷದವಳು ಒಬ್ಬಳೇ ಹೊತ್ತುಕೊಂಡು ಓಡಾಡಿದೆ. ಆಂಟಿ, ನೀವು ಬೇಡ ಅಂತ ತೀರ್ಮಾನಿಸಿದರೂ ಪರವಾಗಿಲ್ಲ. "ಓದಿಬಿಟ್ಟೆ ಅಮ್ಮಾ" ಅಂತ ಅವಳು ಬಂದು ಹೇಳುವಷ್ಟು ಜಾಗ ಇಟ್ಟಿರಿ.

ಡಾಲಸ್‌ನ ತಾಯಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ಹುಡುಗಿಯ ಮಾತು ಓದಿ ಕಣ್ಣು ತುಂಬಿತು. ಗುಂಪಿನವರಲ್ಲಿ ನನಗೆ ಹತ್ತಿರದವರನ್ನು ಮೊದಲು ಒಬ್ಬೊಬ್ಬರನ್ನೇ ಕೇಳುತ್ತೇನೆ. ಮೊದಲ ಪುಸ್ತಕವನ್ನು ಈ ವಾರ ನಾನೇ ಓದುತ್ತೇನೆ. ಅತ್ತೆಗೆ ಏನು ಹೇಳಲಿ? ಅವರಿಗೆ ವಾಕ್ಯದ ವಾದ ಹೇಳಿದರೆ ನಾನು ಎದುರು ಮಾತಾಡಿದೆ ಅಂದುಕೊಳ್ಳುತ್ತಾರೆ.

ಮಂಗಳೂರಿನ ಸಂಡೇ ಸ್ಕೂಲ್ ಟೀಚರ್

ಅತ್ತೆಯ ವಿಷಯ ಬೇರೆಯೇ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಮಗುವಿಗೆ ಮಂತ್ರ ಅಂದರೆ ಕಥೆ. ನಮ್ಮ ಕರಾವಳಿಯ ಹಿರಿಯರಿಗೆ ಹಾಗಲ್ಲ. ಕಾಯಿಲೆ ಬಂದರೆ "ಯಾರೋ ಮಾಟ ಮಾಡಿಸಿದ್ದಾರೆ" ಅಂತ ಮಂತ್ರವಾದಿ ಮನೆಗೆ ಓಡುವವರನ್ನು, ಅಲ್ಲಿ ದುಡ್ಡು ಸುರಿದು ಮನೆ ಹಾಳಾದವರನ್ನು ಅವರು ಕಣ್ಣಾರೆ ಕಂಡಿದ್ದಾರೆ. ವಾಮಾಚಾರ ತಡೆಯಲು ನಮ್ಮ ರಾಜ್ಯದಲ್ಲಿ 2017ರಲ್ಲಿ ಕಾನೂನೇ ಮಾಡಬೇಕಾಯಿತು, 2020ರಿಂದ ಅದು ಜಾರಿಯಲ್ಲಿದೆ. ಇಂಥದ್ದನ್ನೆಲ್ಲ ಬಿಟ್ಟುಬಂದೆವು ಅನ್ನುವುದು ಎಷ್ಟೋ ಕ್ರೈಸ್ತ ಕುಟುಂಬಗಳಿಗೆ ದೊಡ್ಡ ಬಿಡುಗಡೆ. ಆದ್ದರಿಂದ ಅತ್ತೆಯ ಭಯ ಗಾಳಿಮಾತಲ್ಲ.

ಅವರ ಜೊತೆ ಪುಸ್ತಕದ ವಾದ ಬೇಡ. "ಅತ್ತೇ, ನಿಮ್ಮ ಕಾಲದಲ್ಲಿ ಊರಲ್ಲಿ ಏನೇನು ನಡೆಯುತ್ತಿತ್ತು, ಮಗಳಿಗೆ ಹೇಳಿ" ಅಂತ ವಿಡಿಯೋ ಕಾಲ್‌ನಲ್ಲಿ ಇಬ್ಬರನ್ನೂ ಕೂರಿಸಿ. ನನ್ನ ಅಮ್ಮ ಮೊಮ್ಮಕ್ಕಳಿಗೆ ಹಾಗೆ ಹೇಳಿದ ಮೇಲೆ ಮಕ್ಕಳಿಗೆ ನಿಜವಾದ ಮಾಟದ ಮೋಸ ಯಾವುದು, ಕಥೆಯ ಮಾಯೆ ಯಾವುದು ಅಂತ ಚೆನ್ನಾಗಿ ತಿಳಿಯಿತು. ಅಮ್ಮನಿಗೂ ಮಕ್ಕಳಿಗೆ ಅದು ತಿಳಿದಿದೆ ಅನ್ನುವ ಧೈರ್ಯ ಬಂತು. ಪುಸ್ತಕ ಕೊಡುವುದು ಅದಾದ ಮೇಲೆ ಇರಲಿ. ಮೊದಲ ಎರಡು ಅಧ್ಯಾಯ ನೀವೇ ಗಟ್ಟಿಯಾಗಿ ಓದಿ ಹೇಳಿ, ಅವಳು ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾಳೆ ನೋಡಿ, ಮುಂದಿನದು ಅಲ್ಲಿಂದ ತೀರ್ಮಾನಿಸಿ.