ಒಂದೇ ಅಕ್ಷರಗಳ ಇಂಗ್ಲಿಷ್ ಪದಗಳನ್ನು ಗುಂಪು ಮಾಡುವ ಪ್ರೋಗ್ರಾಂ ತಪ್ಪು ಪದಗಳನ್ನು ಸೇರಿಸುತ್ತಿದೆ

ಪ್ರಶ್ನೆ – ದಾವಣಗೆರೆಯಿಂದ

ನಮಸ್ಕಾರ. ವಿದ್ಯಾನಗರದ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ, ಕನ್ನಡ ಮಾಧ್ಯಮದಲ್ಲಿ ಆರು ಮತ್ತು ಏಳನೇ ತರಗತಿ ಓದುವ ಮಕ್ಕಳಿಗೆ ಇಂಗ್ಲಿಷ್ ಪದಗಳ ಆಟ ಆಡಿಸುತ್ತೇನೆ. ಹಳೆಯ ಲಗ್ನಪತ್ರಿಕೆಗಳನ್ನು ಚೌಕವಾಗಿ ಕತ್ತರಿಸಿ, ಹಿಂಬದಿಯಲ್ಲಿ ಒಂದೊಂದು ಅಕ್ಷರ ಬರೆದಿದ್ದೇನೆ. ‘ಸ್ಟಾಪ್’ ಪದದ ನಾಲ್ಕು ಚೀಟಿಗಳನ್ನು ಕೊಟ್ಟರೆ ಅವುಗಳಿಂದಲೇ ಪೋಸ್ಟ್, ಪಾಟ್ಸ್, ಸ್ಪಾಟ್, ಟಾಪ್ಸ್, ಆಪ್ಟ್ಸ್ ಎಂಬ ಐದು ಪದಗಳನ್ನು ಮಕ್ಕಳು ಕಟ್ಟಬೇಕು.

ಇಂತಹ ಗುಂಪುಗಳನ್ನು ಹುಡುಕಲು ಪೈಥಾನ್ ಎಂಬ ಗಣಕ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಅದು ಪ್ರತಿ ಪದದ ಅಕ್ಷರಗಳನ್ನು ‘ಸೆಟ್’ಗೆ ಹಾಕಿ, ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ, ಹಾಗೆ ಬಂದ ಸಾಲನ್ನೇ ಗುಂಪಿನ ಗುರುತಾಗಿ ಇಟ್ಟುಕೊಳ್ಳುತ್ತದೆ. ಆದರೆ ಆಲ್ಟರ್, ಲೇಟರ್ ಪದಗಳ ಗುಂಪಿಗೆ ‘ರ‍್ಯಾಟಲ್’ ಕೂಡ ಬಂದು ಸೇರಿದೆ. ಅದೇ ಗುಂಪಿಗೆ ಬರಬೇಕಾದ ‘ಅಲರ್ಟ್’ ಒಂಟಿಯಾಗಿ ಉಳಿದಿದೆ. ‘ಮಾರ್ಚ್’ ಮತ್ತು ‘ಚಾರ್ಮ್’ ಒಟ್ಟಿಗೆ ಬರುತ್ತಿಲ್ಲ. ಕಳೆದ ವಾರ ಒಬ್ಬ ಹುಡುಗಿ ರ‍್ಯಾಟಲ್ ಕಟ್ಟಲು ಕುಳಿತು, ‘ಮಿಸ್, ಇನ್ನೊಂದು ಟಿ ಎಲ್ಲಿದೆ?’ ಎಂದು ಕೇಳಿದಾಗಲೇ ತಪ್ಪು ನನ್ನ ಗಮನಕ್ಕೆ ಬಂತು. ಇಲ್ಲದ ಚೀಟಿಯನ್ನು ಮಗುವಿನಿಂದ ಹುಡುಕಿಸಿದ್ದಕ್ಕೆ ಬೇಸರವಾಗಿದೆ. ದಯವಿಟ್ಟು ಸಹಾಯ ಮಾಡಿ.

ಉತ್ತರ – ಚಿತ್ರದುರ್ಗದಿಂದ

ಮೇಡಂ, ಮೊದಲ ದೋಷಕ್ಕೆ ಕಾರಣ ‘ಸೆಟ್’. ಯಾವ ಅಕ್ಷರ ಇದೆ ಎಂಬುದನ್ನು ಮಾತ್ರ ಅದು ನೆನಪಿಡುತ್ತದೆ, ಎಷ್ಟು ಸಲ ಇದೆ ಎಂಬುದನ್ನು ಬಿಟ್ಟುಬಿಡುತ್ತದೆ. ರ‍್ಯಾಟಲ್‌ನಲ್ಲಿ ಎರಡು ಟಿ ಇದ್ದರೂ ಸೆಟ್‌ಗೆ ಹಾಕಿದ ಕೂಡಲೇ ಒಂದು ಕಳೆದುಹೋಗಿ ಎ, ಇ, ಎಲ್, ಆರ್, ಟಿ ಎಂಬ ಐದೇ ಉಳಿಯುತ್ತವೆ. ಆಲ್ಟರ್‌ನಲ್ಲಿರುವುದೂ ಇವೇ ಐದು. ‘ಲೂಸ್’ ಮತ್ತು ‘ಸೋಲ್’ ಪದಗಳನ್ನು ಹಾಕಿ ನೋಡಿದರೆ ಅಲ್ಲಿಯೂ ಎರಡು ಓ ಒಂದಾಗಿ ಇದೇ ತಪ್ಪು ಕಾಣುತ್ತದೆ. ಆದ್ದರಿಂದ ಸೆಟ್ ತೆಗೆದುಹಾಕಿ, ಪದವನ್ನು ನೇರವಾಗಿ, ಅಕ್ಷರಗಳನ್ನು ಕ್ರಮವಾಗಿ ಜೋಡಿಸುವ ‘ಸಾರ್ಟೆಡ್’ಗೆ ಕೊಟ್ಟು, ಅದು ಕೊಡುವ ಪಟ್ಟಿಯನ್ನು ‘ಜಾಯಿನ್’ನಿಂದ ಮತ್ತೆ ಒಂದು ಸಾಲಾಗಿ ಮಾಡಿಕೊಳ್ಳಿ. ಆ ಹುಡುಗಿ ಕೇಳಿದ ಪ್ರಶ್ನೆಯೇ ಇಲ್ಲಿನ ಸರಿಯಾದ ಪರೀಕ್ಷೆ: ಅಕ್ಷರಗಳ ಜೊತೆಗೆ ಅವುಗಳ ಲೆಕ್ಕವೂ ಹೊಂದಬೇಕು.

ಮಾರ್ಚ್ ತಿಂಗಳ ಹೆಸರಾದ್ದರಿಂದ ತಾವು ದೊಡ್ಡಕ್ಷರದಿಂದ ಬರೆದಿರುತ್ತೀರಿ. ಗಣಕಕ್ಕೆ ದೊಡ್ಡ ಎಮ್‌ನ ಸಂಖ್ಯೆ 77, ಚಿಕ್ಕ ಎಮ್‌ನ ಸಂಖ್ಯೆ 109. ಅದರ ಪಾಲಿಗೆ ಅವು ಬೇರೆ ಬೇರೆ ಅಕ್ಷರಗಳು. ಜೋಡಿಸುವ ಮೊದಲೇ ‘ಲೋವರ್’ ಬಳಸಿ ಎಲ್ಲವನ್ನೂ ಚಿಕ್ಕಕ್ಷರ ಮಾಡಿ. ಅಲರ್ಟ್‌ನ ಕೊನೆಯಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗ ಇರಬಹುದು, ಅದನ್ನು ತೆಗೆದುಹಾಕುವ ‘ಸ್ಟ್ರಿಪ್’ ಹಾಕಿ ನೋಡಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು ಸರ್. ರ‍್ಯಾಟಲ್ ಹೊರಗೆ ಹೋಯಿತು, ಮಾರ್ಚ್ ಮತ್ತು ಚಾರ್ಮ್ ಕೂಡಿಕೊಂಡವು. ಆದರೆ ಸ್ಟ್ರಿಪ್ ಹಾಕಿದ ಮೇಲೂ ಅಲರ್ಟ್ ಒಂಟಿಯಾಗಿಯೇ ಇದೆ. ‘ಲೆನ್’ನಿಂದ ಉದ್ದ ಅಳೆದರೆ ಐದಕ್ಷರದ ಆ ಪದಕ್ಕೆ 6 ಎಂದು ತೋರಿಸುತ್ತಿದೆ. ಅದು ಕಡತದ ಮೊದಲ ಪದ.

ಇನ್ನೊಬ್ಬರ ಉತ್ತರ – ದಾವಣಗೆರೆಯಿಂದ

ಮೊದಲ ಪದಕ್ಕೆ ಮಾತ್ರ ಹೀಗಾಗುತ್ತಿದೆ ಎಂದು ತಾವು ತಿಳಿಸಿದ್ದರಿಂದ ಕಾರಣ ಸ್ಪಷ್ಟವಾಯಿತು. ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ನಿಂದ ಯುಟಿಎಫ್-8 (ಅಕ್ಷರಗಳನ್ನು ಗಣಕದಲ್ಲಿ ಬರೆದಿಡುವ ಒಂದು ವಿಧಾನ) ಆಗಿ ಉಳಿಸುವಾಗ, ಕಡತದ ತಲೆಯಲ್ಲಿ ‘ಬಾಮ್’ ಎಂಬ ಕಾಣದ ಗುರುತೊಂದು ಸೇರಿಕೊಳ್ಳುವುದುಂಟು. ಅದು ಖಾಲಿ ಜಾಗದ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಸ್ಟ್ರಿಪ್ ಅದನ್ನು ಮುಟ್ಟುವುದಿಲ್ಲ, ಮೊದಲ ಪದದ ಆರನೇ ಅಕ್ಷರವಾಗಿ ಉಳಿದುಬಿಡುತ್ತದೆ. ಕಡತ ತೆರೆಯುವಾಗ ಎನ್‌ಕೋಡಿಂಗ್ ಜಾಗದಲ್ಲಿ ‘ಯುಟಿಎಫ್-8-ಸಿಗ್’ ಎಂದು ಕೊಡಿ, ಆಗ ಓದುವಾಗಲೇ ಆ ಗುರುತು ಬಿಟ್ಟುಹೋಗುತ್ತದೆ.

ಪ್ರಶ್ನೆ ಕೇಳಿದವರು

ಸರಿಹೋಯಿತು, ಮೂರೂ ಪದಗಳು ಒಂದೇ ಗುಂಪಿಗೆ ಬಂದವು. ಇನ್ನೊಂದು ತೊಡಕನ್ನು ಕೇಳಬೇಕಾಗಿದೆ. ಸೈಲೆಂಟ್‌ನ ಆರು ಚೀಟಿಗಳಿಂದ ಟಿನ್ಸೆಲ್ ಕಟ್ಟಿದ ಮಕ್ಕಳಿಗೂ ‘ಲಿಸನ್’ ಹೊಳೆಯಲಿಲ್ಲ. ಇದೇ ಪ್ರೋಗ್ರಾಂಗೆ ಮುಂದೆ ಕನ್ನಡ ಪದಗಳನ್ನೂ ಕೊಡಬಹುದೇ?

ಉತ್ತರ – ಚಿತ್ರದುರ್ಗದಿಂದ

ನಮ್ಮ ಮಕ್ಕಳು ಉಲಿದಂತೆ ಬರೆಯುವ ಭಾಷೆಯಿಂದ ಬಂದವರು. ‘ಲಿಸನ್’ ಎಂದು ಬಾಯಲ್ಲಿ ಹೇಳಿಕೊಂಡಾಗ ಟಿ ಕೇಳಿಸುವುದೇ ಇಲ್ಲ, ಹಾಗಾಗಿ ಕೈಯಲ್ಲಿರುವ ಟಿ ಚೀಟಿ ಅವರಿಗೆ ಹೆಚ್ಚುವರಿಯಾಗಿ ಕಾಣುತ್ತದೆ. ‘ಹಾರ್ಟ್’ ಮತ್ತು ‘ಅರ್ತ್’ ಪದಗಳಲ್ಲೂ ಐದು ಅಕ್ಷರ ಅವೇ ಆದರೂ ಮೊದಲನೆಯದರಲ್ಲಿ ಎಚ್ ಗಟ್ಟಿಯಾಗಿ ಕೇಳಿಸುತ್ತದೆ, ಎರಡನೆಯದರಲ್ಲಿ ಅದು ಟಿ ಜೊತೆ ಕರಗಿಹೋಗುತ್ತದೆ. ಆದ್ದರಿಂದ ಶಬ್ದ ಮತ್ತು ಅಕ್ಷರ ಎರಡೂ ಹೆಚ್ಚು ದೂರ ಹೋಗದ ‘ಸ್ಟಾಪ್–ಸ್ಪಾಟ್’, ‘ಸ್ಟಡಿ–ಡಸ್ಟಿ’ ಜೋಡಿಗಳನ್ನು ಮೊದಲ ವಾರಗಳಲ್ಲಿ ಕೊಡಿ. ಲಿಸನ್ ತರುವ ದಿನ ಪದವನ್ನು ಉಚ್ಚರಿಸದೆ ‘ಎಲ್, ಐ, ಎಸ್, ಟಿ, ಇ, ಎನ್’ ಎಂದು ಅಕ್ಷರಗಳ ಹೆಸರನ್ನೇ ಹೇಳಿಸುತ್ತಾ ಚೀಟಿ ಇಡಿಸಿ. ನನ್ನ ತರಗತಿಯಲ್ಲಿ ಹೀಗೆ ಮಾಡಿಸಿದಾಗ ಕೇಳಿಸದ ಅಕ್ಷರವನ್ನು ಮಕ್ಕಳು ಬಿಡುವುದು ಕಡಿಮೆಯಾಗಿದೆ.

ಕನ್ನಡಕ್ಕೆ ಇದನ್ನು ಹಾಗೆಯೇ ಬಳಸಬೇಡಿ. ಗಣಕ ಗುಣಿತ ಚಿಹ್ನೆಯನ್ನು ವ್ಯಂಜನದಿಂದ ಬಿಡಿಸಿ ಎಣಿಸುವುದರಿಂದ ‘ಬಲಿ’ ಮತ್ತು ‘ಬಿಲ’ ಒಂದೇ ಗುಂಪಿಗೆ ಬೀಳುತ್ತವೆ. ಆದರೆ ‘ಬ’, ‘ಲಿ’ ಎಂಬ ಚೀಟಿಗಳಿಂದ ಯಾವ ಮಗುವೂ ‘ಬಿಲ’ ಕಟ್ಟಲಾಗದು. ಮೊದಲು ಪದವನ್ನು ಗುಣಿತಾಕ್ಷರ, ಒತ್ತಕ್ಷರ ಸಹಿತವಾಗಿ ಬಿಡಿಸಿಕೊಂಡು, ಆಮೇಲೆ ಜೋಡಿಸಬೇಕು. ಕನ್ನಡದ ಪಟ್ಟಿ ಸಿದ್ಧವಾದಾಗ ಇಲ್ಲಿ ಹಾಕಿ, ಆ ಭಾಗವನ್ನು ನಾನು ಬರೆದುಕೊಡುತ್ತೇನೆ.