ಸಹಾಯ ಬೇಕು: ಡೀಸೆಲ್ ಕಾರು ನಿಂತಲ್ಲೇ ನಡುಗುತ್ತದೆ, ಘಾಟಿಯಲ್ಲಿ ಎಳೆಯುವುದಿಲ್ಲ

ಎಲ್ಲರಿಗೂ ನಮಸ್ಕಾರ. 2014ರ ಕಾರು, 1.3 ಲೀಟರ್ ಕಾಮನ್ ರೈಲ್ ಡೀಸೆಲ್ ಎಂಜಿನ್ (ಪಂಪ್ ಒತ್ತಿ ಕಳಿಸುವ ಡೀಸೆಲ್ ‘ರೈಲ್’ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗಳಿಗೆ, ಅಂದರೆ ಡೀಸೆಲ್ ಸಿಂಪಡಿಸುವ ನಳಿಕೆಗಳಿಗೆ, ಹೋಗುವಂಥದ್ದು). ನ್ಯೂಟ್ರಲ್‌ನಲ್ಲಿ ನಿಲ್ಲಿಸಿದರೆ ಸ್ಟೀರಿಂಗ್ ಹಿಡಿದ ಕೈ ನಡುಗುತ್ತದೆ, ಆರ್‌ಪಿಎಂ ಮುಳ್ಳು ಏರಿಳಿಯುತ್ತದೆ. ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು. ಸಮತಟ್ಟು ರಸ್ತೆಯಲ್ಲಿ ಹೇಗೋ ಓಡುತ್ತದೆ. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಮಾತ್ರ ಆಕ್ಸಿಲರೇಟರ್ ಪೂರ್ತಿ ತುಳಿದರೂ ಎಳೆಯುವುದಿಲ್ಲ, ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಹಿಂದಿನ ಲಾರಿಯವರ ಹಾರನ್ ಬೇರೆ! ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿರುತ್ತದೆ.

ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಬದಲಾಯಿಸಿದ್ದಾಯಿತು, ಇಜಿಆರ್ ವಾಲ್ವ್ (ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್‌ಗೆ ಬಿಡುವ ಕವಾಟ) ತೊಳೆಸಿದ್ದಾಯಿತು. ಟರ್ಬೊ ಪೈಪುಗಳಲ್ಲಿ ಸೋರಿಕೆ ಇಲ್ಲ. ಸ್ಕ್ಯಾನರ್‌ನಲ್ಲಿ ಪಿ0087, ಅಂದರೆ ರೈಲ್‌ನಲ್ಲಿ ಇಂಧನದ ಒತ್ತಡ ಕಡಿಮೆ ಎಂದು ಬರುತ್ತದೆ. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪಿಗೆ (ಉಳಿದ ಡೀಸೆಲ್ ವಾಪಸ್ ಹೋಗುವ ಪೈಪು) ಬಾಟಲಿ ಕಟ್ಟಿ ನೋಡಿದೆವು: ಮೂರನೆಯದರಲ್ಲಿ ಉಳಿದವುಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ಡೀಸೆಲ್ ತುಂಬಿತು, ಅಂದರೆ ಅದು ಒಳಗೇ ಸೋರುತ್ತಿರಬಹುದು.

ಗೊಂದಲ ಇಲ್ಲೇ. ಒಬ್ಬ ಮೆಕ್ಯಾನಿಕ್ ನಾಲ್ಕೂ ಇಂಜೆಕ್ಟರ್ ಹೊಸದು ಹಾಕಿಸಿ ಎನ್ನುತ್ತಾರೆ. ಇನ್ನೊಬ್ಬರು ಹೈ ಪ್ರೆಶರ್ ಪಂಪೇ ಸವೆದಿದೆ, ಇಂಜೆಕ್ಟರ್‌ಗೆ ಹಣ ಸುರಿಯಬೇಡಿ ಎನ್ನುತ್ತಾರೆ. ಇಬ್ಬರ ಮಾತೂ ನಂಬುವಂತೆಯೇ ಇದೆ, ಜೇಬು ಒಂದೇ. ಐಡಲ್‌ನಲ್ಲಿ (ಆಕ್ಸಿಲರೇಟರ್ ತುಳಿಯದೆ ಎಂಜಿನ್ ಓಡುವಾಗ) ರೈಲ್ ಒತ್ತಡ ಸರಿಯಾಗಿದೆ, ಭಾರ ಬಿದ್ದಾಗ ಮಾತ್ರ ಕುಸಿಯುತ್ತದೆ.

ತಿಳಿದವರು ಹೇಳಿ: ಪಂಪ್ ಬಿಚ್ಚದೆಯೇ ಅದು ಚೆನ್ನಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವ ಪರೀಕ್ಷೆ ಯಾವುದು? ಮೂರನೆಯ ಇಂಜೆಕ್ಟರ್ ಒಂದನ್ನೇ ರಿಪೇರಿ ಮಾಡಿಸಿ, ಕೋಡಿಂಗ್ (ಇಂಜೆಕ್ಟರ್‌ನ ಕೋಡನ್ನು ಎಂಜಿನ್ ಕಂಪ್ಯೂಟರ್‌ಗೆ ತುಂಬಿಸುವುದು) ಮಾಡಿಸಿದರೆ ಸಾಕೇ, ಅಥವಾ ನಾಲ್ಕನ್ನೂ ಮುಟ್ಟಲೇಬೇಕೇ?