ಮನೆಯ ಗಣಕಕ್ಕೆ ಯಾವ ಆಂಟಿವೈರಸ್ ಸೂಕ್ತ?

ಪ್ರಶ್ನೆ: ಮಲೆನಾಡ ಮೇಷ್ಟ್ರು, ಸಾಗರ

ಮಾನ್ಯರೇ,

ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಮ್ಮ ಮನೆಯಲ್ಲಿ 2017ರಲ್ಲಿ ಕೊಂಡ ಡೆಸ್ಕ್‌ಟಾಪ್ ಗಣಕವಿದೆ. ಏಳನೆಯ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಹಳೆಯ ಮಾದರಿಯ ಹಾರ್ಡ್ ಡಿಸ್ಕ್, ವಿಂಡೋಸ್ 10. ನಾನು ‘ನುಡಿ’ ಎಂಬ ಕನ್ನಡ ಬರವಣಿಗೆ ತಂತ್ರಾಂಶದಲ್ಲಿ ಲೇಖನಗಳನ್ನು ಬರೆಯುತ್ತೇನೆ, ಅವನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು ಬರುತ್ತೇನೆ. ನನ್ನ ಮನೆಯವರು ವಿದ್ಯುತ್ ಬಿಲ್ಲು ಮತ್ತು ಬ್ಯಾಂಕಿನ ವ್ಯವಹಾರವನ್ನು ಇದರಲ್ಲೇ ಮಾಡುತ್ತಾರೆ. ರಜೆಯಲ್ಲಿ ಬರುವ ಮೊಮ್ಮಗ ಆಟಗಳನ್ನು ಇಳಿಸಿಕೊಳ್ಳುತ್ತಾನೆ.

ಮೂರು ವರ್ಷಗಳ ಹಿಂದೆ ಅಂಗಡಿಯವರು ಹಾಕಿಕೊಟ್ಟ ಆಂಟಿವೈರಸ್‌ನ ಅವಧಿ ಮುಂದಿನ ತಿಂಗಳು ಮುಗಿಯಲಿದ್ದು, ದಿನಕ್ಕೆ ನಾಲ್ಕೈದು ಬಾರಿ ‘ನಿಮ್ಮ ಗಣಕ ಅಪಾಯದಲ್ಲಿದೆ’ ಎಂಬ ಕೆಂಪು ಎಚ್ಚರಿಕೆ ಪರದೆಯ ಮೇಲೆ ಬರುತ್ತಿದೆ. ಅಂಗಡಿಯವರು ಇನ್ನೂ ದೊಡ್ಡ ಆವೃತ್ತಿಯನ್ನು ಕೊಳ್ಳಿರಿ ಎನ್ನುತ್ತಾರೆ. ಮಗಳು, ಹಣ ಕೊಟ್ಟು ಕೊಳ್ಳುವ ಅಗತ್ಯವೇ ಇಲ್ಲ, ವಿಂಡೋಸ್ ಜೊತೆಗೆ ಬಂದಿರುವುದೇ ಸಾಕು ಎನ್ನುತ್ತಾಳೆ. ಉಚಿತವಾಗಿ ಸಿಗುವವುಗಳನ್ನು ನಂಬಬಹುದೇ? ನಮ್ಮ ದೇಶದ ಕಂಪನಿಯದನ್ನೇ ಕೊಳ್ಳುವುದರಿಂದ ಲಾಭವಿದೆಯೇ? ಕಳೆದ ವರ್ಷ ಈ ಆಂಟಿವೈರಸ್ ನನ್ನ ನುಡಿ ತಂತ್ರಾಂಶವನ್ನೇ ವೈರಸ್ ಎಂದು ತೆಗೆದುಹಾಕಿತ್ತು. ಅದು ಮತ್ತೆ ಆಗದಂತೆ ಏನು ಮಾಡಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1: ಗಣಕ ನಿರ್ವಾಹಕ, ಬೆಂಗಳೂರು

ಮೇಷ್ಟ್ರೇ, ನಮಸ್ಕಾರ. ನಿಮ್ಮ ಮಗಳ ಮಾತು ಬಹುಮಟ್ಟಿಗೆ ಸರಿ. ಆದರೆ ಆಂಟಿವೈರಸ್‌ಗಿಂತ ಮೊದಲು ಮಾತನಾಡಬೇಕಾದದ್ದು ನಿಮ್ಮ ವಿಂಡೋಸ್ 10ರ ಬಗ್ಗೆ.

ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದೆ. ಅಂದರೆ ಆ ವ್ಯವಸ್ಥೆಯಲ್ಲಿ ಮುಂದೆ ಯಾವುದಾದರೂ ಲೋಪ ಪತ್ತೆಯಾದರೆ ಅದನ್ನು ಮುಚ್ಚುವ ತೇಪೆ ನಿಮ್ಮ ಗಣಕಕ್ಕೆ ತಾನಾಗಿಯೇ ಬರುವುದಿಲ್ಲ. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರ್‌ಗೆ ಬೇಕಾದ ವೈರಸ್ ಗುರುತಿನ ಪಟ್ಟಿಗಳು 2028ರ ಅಕ್ಟೋಬರ್‌ವರೆಗೂ ಬರುತ್ತಿರುತ್ತವೆ ಎಂದು ಸಂಸ್ಥೆ ಹೇಳಿರುವುದರಿಂದ ಅನೇಕರು ನಿಶ್ಚಿಂತೆಯಿಂದಿದ್ದಾರೆ, ಆದರೆ ಇವೆರಡೂ ಬೇರೆ ಬೇರೆ ಸಂಗತಿಗಳು. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿದಾಗ, ಅದು ಬಳಸಿಕೊಂಡ ಲೋಪಕ್ಕೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲಿ, ಬಿಡುಗಡೆ ಮಾಡಿತ್ತು. ಯಾರೂ ಏನನ್ನೂ ಒತ್ತದಿದ್ದರೂ ಜಾಲದ ಮೂಲಕ ಒಂದು ಗಣಕದಿಂದ ಇನ್ನೊಂದಕ್ಕೆ ತಾನೇ ನುಗ್ಗುತ್ತಿದ್ದ ಆ ದಾಳಿಯಿಂದ ತೇಪೆ ಹಾಕಿಕೊಂಡಿದ್ದ ಗಣಕಗಳು ಪಾರಾದವು.

ನಿಮ್ಮ ಪ್ರೊಸೆಸರ್ ಏಳನೆಯ ತಲೆಮಾರಿನದಾದ್ದರಿಂದ ವಿಂಡೋಸ್ 11ಕ್ಕೆ ಅಧಿಕೃತವಾಗಿ ಅರ್ಹವಲ್ಲ. ಆದರೆ ಮನೆಬಳಕೆದಾರರಿಗಾಗಿ 2026ರ ಅಕ್ಟೋಬರ್‌ವರೆಗೆ ಭದ್ರತಾ ತೇಪೆಗಳನ್ನು ಮುಂದುವರಿಸುವ ಯೋಜನೆಯೊಂದಿದೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಅದಕ್ಕೆ ಸೇರಿಕೊಳ್ಳುವ ಸೂಚನೆ ಕಾಣುತ್ತದೆ. ಮೈಕ್ರೋಸಾಫ್ಟ್ ಖಾತೆಯ ಮೂಲಕ ಒಳಬಂದು, ನಿಮ್ಮ ಸೆಟ್ಟಿಂಗ್‌ಗಳನ್ನು ಆ ಖಾತೆಯಲ್ಲಿ ಉಳಿಸಿಕೊಳ್ಳಲು ಒಪ್ಪಿದರೆ ಹಣ ಕೊಡಬೇಕಾಗಿಲ್ಲ. ಅಂಗಡಿಗೆ ಹೋಗುವ ಮೊದಲು ಈ ಕೆಲಸವನ್ನು ಮುಗಿಸಿ.

ಇನ್ನು ಡಿಫೆಂಡರ್. ಹತ್ತು ಹನ್ನೆರಡು ವರ್ಷಗಳ ಹಿಂದೆ ಇದು ದುರ್ಬಲವಾಗಿದ್ದದ್ದು ನಿಜ, ಅಂಗಡಿಗಳಲ್ಲಿ ಇಂದಿಗೂ ಕೇಳಿಬರುವ ಮಾತು ಆ ಕಾಲದ್ದು. ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿರುವ ಎವಿ-ಟೆಸ್ಟ್ ಸಂಸ್ಥೆಯು ಆಂಟಿವೈರಸ್‌ಗಳಿಗೆ ರಕ್ಷಣೆ, ವೇಗ, ಬಳಕೆಯ ಸೌಕರ್ಯ ಎಂಬ ಮೂರು ವಿಭಾಗಗಳಲ್ಲಿ ತಲಾ 6ರಂತೆ ಒಟ್ಟು 18 ಅಂಕಗಳನ್ನು ಕೊಡುತ್ತದೆ. ಈಚಿನ ವರ್ಷಗಳಲ್ಲಿ ಡಿಫೆಂಡರ್ ಹಲವು ಬಾರಿ ಪೂರ್ಣ 18 ಅಂಕ ಪಡೆದಿದೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿರುವ ಎವಿ-ಕಂಪ್ಯಾರೆಟಿವ್ಸ್ ಕೂಡ ಇಂಥದೇ ಪರೀಕ್ಷೆಗಳನ್ನು ನಡೆಸಿ ವರದಿಗಳನ್ನು ಉಚಿತವಾಗಿ ಪ್ರಕಟಿಸುತ್ತದೆ. ಅದರ ವೇಗದ ಪರೀಕ್ಷೆಗಳಲ್ಲಿ ಡಿಫೆಂಡರ್ ಮುಂಚೂಣಿಯಲ್ಲಿರುವುದು ಕಡಿಮೆ ಎಂಬುದನ್ನೂ ಹೇಳಬೇಕು. ಹಳೆಯ ಹಾರ್ಡ್ ಡಿಸ್ಕ್ ಇರುವ ನಿಮ್ಮ ಗಣಕದಲ್ಲಿ ಸ್ಕ್ಯಾನ್ ನಡೆಯುವಾಗ ನಿಧಾನವೆನಿಸಬಹುದು. ಆದರೆ ಮೂರು ವರ್ಷದ ಪರವಾನಗಿಗೆ ಕೊಡುವ ಹಣದಲ್ಲಿ ಸಣ್ಣದೊಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಬಳಸುವ ವೇಗದ ಸಂಗ್ರಹ ಸಾಧನ) ಹಾಕಿಸಿಕೊಂಡರೆ ಇಡೀ ಗಣಕವೇ ಚುರುಕಾಗುತ್ತದೆ.

ಉಚಿತ ಆಂಟಿವೈರಸ್‌ಗಳ ಬಗ್ಗೆ ಕೇಳಿದ್ದೀರಿ. ಪತ್ತೆ ಹಚ್ಚುವ ಶಕ್ತಿಯಲ್ಲಿ ಅವುಗಳಲ್ಲಿ ಕೆಲವು ಉತ್ತಮವಾಗಿಯೇ ಇವೆ. ನನ್ನ ಆತಂಕ ಬೇರೆ. ಆಂಟಿವೈರಸ್ ಎಂಬುದು ನಿಮ್ಮ ಗಣಕದ ಪ್ರತಿಯೊಂದು ಕಡತವನ್ನೂ, ನೀವು ತೆರೆಯುವ ಪ್ರತಿಯೊಂದು ಜಾಲತಾಣವನ್ನೂ ನೋಡುವ ಅಧಿಕಾರ ಪಡೆದ ತಂತ್ರಾಂಶ. ಅವಾಸ್ಟ್ ಸಂಸ್ಥೆಯು ಬಳಕೆದಾರರ ಜಾಲಾಟದ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು ಬಯಲಾಗಿ, 2020ರ ಜನವರಿಯಲ್ಲಿ ಆ ಅಂಗಸಂಸ್ಥೆಯನ್ನು ಮುಚ್ಚಬೇಕಾಯಿತು. 2024ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದಕ್ಕೆ 1.65 ಕೋಟಿ ಡಾಲರ್ ತೆರುವಂತೆ ಆದೇಶಿಸಿತು. ಅವಾಸ್ಟ್, ಎವಿಜಿ, ಅವಿರಾ, ನಾರ್ಟನ್ ಇವೆಲ್ಲ ಇಂದು ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯ ಕೈಯಲ್ಲಿವೆ ಎಂಬುದನ್ನೂ, ಹೆಸರು ನೋಡಿ ಆಯ್ಕೆ ಮಾಡುವವರು ತಿಳಿದಿರುವುದು ಒಳ್ಳೆಯದು.

ಉತ್ತರ 2: ಕಂಪ್ಯೂಟರ್ ದುರಸ್ತಿ ಅಂಗಡಿ, ದಾವಣಗೆರೆ

ಮೇಲಿನ ಸಹೋದರರು ಬರೆದದ್ದನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಹದಿನೈದು ವರ್ಷಗಳಿಂದ ಗಣಕಗಳನ್ನು ದುರಸ್ತಿ ಮಾಡುತ್ತಿದ್ದೇನೆ, ಆಂಟಿವೈರಸ್ ಪೆಟ್ಟಿಗೆಗಳನ್ನೂ ಮಾರುತ್ತೇನೆ. ಆದ್ದರಿಂದ ನನ್ನ ಮಾತನ್ನು ವ್ಯಾಪಾರಿಯ ಮಾತೆಂದೇ ತೂಗಿ ನೋಡಿ.

ಡಿಫೆಂಡರ್ ತನ್ನ ಶಕ್ತಿಯ ಬಹುಪಾಲನ್ನು ಅಂತರಜಾಲದ ಆಚೆ ಇರುವ ಮೈಕ್ರೋಸಾಫ್ಟ್ ಸರ್ವರುಗಳಿಂದ ಪಡೆಯುತ್ತದೆ. ಅನುಮಾನ ಬಂದ ಕಡತದ ಗುರುತನ್ನು ಅಲ್ಲಿಗೆ ಕಳಿಸಿ ವಿಚಾರಿಸುತ್ತದೆ. ಸಂಪರ್ಕ ಇಲ್ಲದಾಗ ಅದರ ಪತ್ತೆಯ ಪ್ರಮಾಣ ಕಡಿಮೆಯಾಗುವುದು ಎವಿ-ಕಂಪ್ಯಾರೆಟಿವ್ಸ್ ವರದಿಗಳಲ್ಲಿಯೇ ಕಾಣುತ್ತದೆ. ಬೆಂಗಳೂರಿನಲ್ಲಿ ಇದು ದೊಡ್ಡ ವಿಷಯವಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ನೆಟ್‌ವರ್ಕ್ ಕೈಕೊಡುವ ಮಲೆನಾಡಿನ ಮನೆಯಲ್ಲಿ, ಪೆನ್ ಡ್ರೈವ್ ಮಾತ್ರ ನಿತ್ಯ ಪೇಟೆಗೆ ಹೋಗಿ ಬರುವಾಗ, ಇದು ವಿಷಯವೇ ಹೌದು.

ನನ್ನ ಅಂಗಡಿಗೆ ಬರುವ ಸೋಂಕುಗಳಲ್ಲಿ ಹೆಚ್ಚಿನವು ಜನ ‘ಶಾರ್ಟ್‌ಕಟ್ ವೈರಸ್’ ಎಂದು ಕರೆಯುವಂಥವು. ಪೆನ್ ಡ್ರೈವ್‌ನಲ್ಲಿದ್ದ ನಿಮ್ಮ ಕಡತಗಳನ್ನೆಲ್ಲ ಇದು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಮುಂದಿಡುತ್ತದೆ. ನೀವು ನಿಮ್ಮ ಲೇಖನವೆಂದು ಭಾವಿಸಿ ಅದನ್ನು ಒತ್ತಿದ ಕ್ಷಣ ವೈರಸ್ ಚಾಲೂ ಆಗುತ್ತದೆ. ವಿಂಡೋಸ್ 7ರಿಂದೀಚೆಗೆ ಪೆನ್ ಡ್ರೈವ್ ಸಿಕ್ಕಿಸಿದ ಮಾತ್ರಕ್ಕೆ ಅದರೊಳಗಿನ ಪ್ರೋಗ್ರಾಂ ತಾನಾಗಿ ಓಡುವುದಿಲ್ಲ, ನೀವು ಒತ್ತಿದರೆ ಮಾತ್ರ ಓಡುತ್ತದೆ ಎಂಬುದನ್ನು ನೆನಪಿಡಿ. ಹೀಗಾದಾಗ ಗಾಬರಿಯಿಂದ ಪೆನ್ ಡ್ರೈವ್ ಅನ್ನು ಫಾರ್ಮ್ಯಾಟ್ ಮಾಡಬೇಡಿ. ಕಡತಗಳು ಸಾಮಾನ್ಯವಾಗಿ ಅಳಿಸಿಹೋಗಿರುವುದಿಲ್ಲ, ಮರೆಯಲ್ಲಿರುತ್ತವೆ. ಸ್ಕ್ಯಾನ್ ಮಾಡಿ ವೈರಸ್ ತೆಗೆದ ನಂತರ ಅವನ್ನು ಮರಳಿ ಕಾಣುವಂತೆ ಮಾಡಬಹುದು. ಎಷ್ಟೋ ಮಂದಿ ಫಾರ್ಮ್ಯಾಟ್ ಮಾಡಿದ ಮೇಲೆ ನನ್ನ ಬಳಿಗೆ ಬರುತ್ತಾರೆ. ಅದನ್ನು ನೋಡಿದಾಗ ಬಹಳ ಬೇಸರವಾಗುತ್ತದೆ.

ಸ್ವದೇಶಿ ಕಂಪನಿಗಳ ಬಗ್ಗೆ ಹೇಳುವುದಾದರೆ, ಪುಣೆಯ ಕ್ವಿಕ್ ಹೀಲ್ ಮತ್ತು ಚೆನ್ನೈನ ಕೆ7 ಎರಡೂ ಮೂರು ದಶಕಗಳ ಅನುಭವ ಉಳ್ಳವು. ಪೆನ್ ಡ್ರೈವ್ ಸಿಕ್ಕಿಸಿದೊಡನೆ ಸ್ಕ್ಯಾನ್ ಮಾಡುವ ಸೌಲಭ್ಯ ಇಂಥ ಆಂಟಿವೈರಸ್‌ಗಳಲ್ಲಿ ಇರುತ್ತದೆ, ಡಿಫೆಂಡರ್‌ನಲ್ಲಿ ಆ ಕೆಲಸವನ್ನು ನೀವೇ ನೆನಪಿಟ್ಟು ಮಾಡಬೇಕು. ಕೊಳ್ಳುವುದೇ ಆದರೆ ಮೂಲ ಆಂಟಿವೈರಸ್ ಆವೃತ್ತಿ ಸಾಕು. ‘ಟೋಟಲ್ ಸೆಕ್ಯುರಿಟಿ’ ಎಂಬ ದೊಡ್ಡ ಪೆಟ್ಟಿಗೆಯಲ್ಲಿ ಬರುವ ಗಣಕ ಶುಚಿಗೊಳಿಸುವ ಸಾಧನ, ಮಕ್ಕಳ ನಿಯಂತ್ರಣ ಮುಂತಾದವು 4 ಜಿಬಿ ರ‍್ಯಾಮ್ ಇರುವ ಗಣಕಕ್ಕೆ ಭಾರವೇ ಹೊರತು ನಿಮ್ಮ ಉಪಯೋಗಕ್ಕೆ ಬರುವುದಿಲ್ಲ. ಆನ್‌ಲೈನ್‌ನಲ್ಲಿ ಕಾರ್ಡ್ ಮೂಲಕ ಕೊಂಡರೆ ತಾನಾಗಿ ನವೀಕರಿಸುವ ಆಯ್ಕೆಯನ್ನು ಅಂದೇ ತೆಗೆದುಹಾಕಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿತವಾಗುವ 24 ಗಂಟೆ ಮೊದಲು ಸೂಚನೆ ಬರಬೇಕು. ಆದರೆ 15,000 ರೂಪಾಯಿವರೆಗಿನ ಇಂಥ ಕಡಿತಕ್ಕೆ ಪ್ರತಿಸಲವೂ ಒಟಿಪಿ ಕೇಳುವುದಿಲ್ಲ, ಹಾಗಾಗಿ ಆ ಸೂಚನೆಯನ್ನು ಓದದವರು ಹಣ ಕಳೆದುಕೊಳ್ಳುತ್ತಾರೆ.

ಒಂದಂತೂ ಖಂಡಿತ ಮಾಡಬೇಡಿ: ಎರಡು ಆಂಟಿವೈರಸ್‌ಗಳನ್ನು ಒಟ್ಟಿಗೆ ಹಾಕಬೇಡಿ. ಒಂದು ಕಡತವನ್ನು ಎರಡೂ ಏಕಕಾಲಕ್ಕೆ ಹಿಡಿದು ಗಣಕವನ್ನೇ ನಿಲ್ಲಿಸಿಬಿಡುತ್ತವೆ.

ಉತ್ತರ 3: ಛಾಯಾಪ್ರಿಯೆ, ಮೈಸೂರು

ಮೇಷ್ಟ್ರೇ, ನಿಮ್ಮ ಪ್ರಶ್ನೆಯಲ್ಲಿ ಮೊಮ್ಮಗನ ಆಟಗಳ ಉಲ್ಲೇಖವಿದ್ದುದರಿಂದ ಇದನ್ನು ಬರೆಯುತ್ತಿದ್ದೇನೆ. ನಮ್ಮ ಗಣಕದಲ್ಲಿ ಅವಧಿ ಮುಗಿಯದ, ಹಣ ಕೊಟ್ಟು ಕೊಂಡ ಆಂಟಿವೈರಸ್ ಇತ್ತು. ನನ್ನ ತಮ್ಮ ಫೋಟೋ ತಿದ್ದುವ ದುಬಾರಿ ತಂತ್ರಾಂಶವೊಂದರ ಕ್ರ್ಯಾಕ್ ಪ್ರತಿಯನ್ನು, ಅಂದರೆ ಹಣ ಕೊಡದೆ ಬಳಸುವಂತೆ ಅಕ್ರಮವಾಗಿ ತಿದ್ದಿದ ಪ್ರತಿಯನ್ನು, ಇಳಿಸಿಕೊಂಡ. ಅದರ ಜೊತೆಗಿದ್ದ ಸೂಚನೆಯ ಮೊದಲ ಸಾಲು, ‘ಮೊದಲು ಆಂಟಿವೈರಸ್ ಅನ್ನು ನಿಲ್ಲಿಸಿ’ ಎಂದಿತ್ತು. ಅವನು ನಿಲ್ಲಿಸಿದ. ಮರುದಿನ ಬೆಳಗ್ಗೆ ಹನ್ನೊಂದು ವರ್ಷಗಳ ಫೋಟೋಗಳೆಲ್ಲವೂ ವಿಚಿತ್ರ ಬಾಲದ ಹೆಸರುಗಳೊಂದಿಗೆ ತೆರೆಯಲಾಗದ ಸ್ಥಿತಿಯಲ್ಲಿದ್ದವು, ಪ್ರತಿ ಫೋಲ್ಡರಿನಲ್ಲೂ ಹಣ ಕೇಳುವ ಒಂದು ಪತ್ರವಿತ್ತು. ನಮ್ಮ ತಂದೆಯವರ ಕೊನೆಯ ವರ್ಷಗಳ ಚಿತ್ರಗಳು ಅದರಲ್ಲಿದ್ದವು.

ಯುರೋಪಿನ ಪೊಲೀಸ್ ಸಂಸ್ಥೆಯಾದ ಯುರೋಪೋಲ್ ಮತ್ತು ಡಚ್ ಪೊಲೀಸರು ಭದ್ರತಾ ಕಂಪನಿಗಳ ಜೊತೆ ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಎಂಬ ತಾಣದಲ್ಲಿ ಹಲವು ಬಗೆಯ ಸುಲಿಗೆ ತಂತ್ರಾಂಶಗಳಿಗೆ ಉಚಿತ ಬಿಡಿಸುವ ಸಾಧನಗಳಿವೆ. ನಮಗೆ ಬಂದ ಬಗೆಗೆ ಅಲ್ಲಿ ಪರಿಹಾರವಿರಲಿಲ್ಲ. ಉಳಿದದ್ದು ಅತ್ತಿಗೆ ಬೇರೊಂದು ಹಾರ್ಡ್ ಡಿಸ್ಕಿಗೆ ಹಾಕಿ ಬೀರುವಿನಲ್ಲಿಟ್ಟಿದ್ದ ನಾಲ್ಕು ವರ್ಷಗಳ ಚಿತ್ರಗಳು ಮಾತ್ರ. ನೀವು ಯಾವ ಆಂಟಿವೈರಸ್ ಕೊಂಡರೂ, ಕೊಳ್ಳದಿದ್ದರೂ, ನಿಮ್ಮ ಲೇಖನಗಳನ್ನು ಹೊರಗಿನ ಹಾರ್ಡ್ ಡಿಸ್ಕ್ ಒಂದಕ್ಕೆ ನಕಲು ಮಾಡಿ, ಕೆಲಸ ಮುಗಿದ ಕೂಡಲೇ ಅದನ್ನು ಗಣಕದಿಂದ ಬಿಡಿಸಿ ಇಡಿ. ಸದಾ ಸಿಕ್ಕಿಸಿಕೊಂಡೇ ಇದ್ದರೆ ಅದಕ್ಕೂ ಬೀಗ ಬೀಳುತ್ತದೆ.

ಉತ್ತರ 4: ಗಣಕ ನಿರ್ವಾಹಕ, ಬೆಂಗಳೂರು

ದಾವಣಗೆರೆಯವರು ಸಂಪರ್ಕವಿಲ್ಲದ ಸ್ಥಿತಿಯ ಬಗ್ಗೆ ಎತ್ತಿದ ಅಂಶವನ್ನು ನಾನು ಮೊದಲ ಉತ್ತರದಲ್ಲಿ ಸೇರಿಸಬೇಕಿತ್ತು. ವಾರಗಟ್ಟಲೆ ಸಂಪರ್ಕವಿರದ ಮನೆಗೆ ಅವರ ಸಲಹೆಯೇ ಸರಿ. ಮೇಷ್ಟ್ರ ಮನೆಯಲ್ಲಿ ಬ್ಯಾಂಕ್ ವ್ಯವಹಾರ ನಡೆಯುವಷ್ಟು ಸಂಪರ್ಕವಿದೆಯಾದ್ದರಿಂದ, ಪೆನ್ ಡ್ರೈವ್ ತಂದಾಗಲೆಲ್ಲ ಅದರ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಸ್ಕ್ಯಾನ್ ಮಾಡುವ ಅಭ್ಯಾಸ ಬೆಳೆಸಿಕೊಂಡರೆ ಡಿಫೆಂಡರ್ ಸಾಕೆಂದು ಈಗಲೂ ಹೇಳುತ್ತೇನೆ.

ಮೈಸೂರಿನ ಸಹೋದರಿಯ ಅನುಭವ ಓದಿ ಮನಸ್ಸಿಗೆ ನೋವಾಯಿತು. ಇದೇ ಕಾರಣಕ್ಕೆ ಮೊಮ್ಮಗನಿಗೆ ಆಡಳಿತಾಧಿಕಾರವಿಲ್ಲದ ಬೇರೆ ಬಳಕೆದಾರ ಖಾತೆಯನ್ನು ಮಾಡಿಕೊಡಿ. ಆ ಖಾತೆಯಿಂದ ನಿಮ್ಮ ಗುಪ್ತಪದವಿಲ್ಲದೆ ಆಂಟಿವೈರಸ್ ನಿಲ್ಲಿಸಲು ಆಗುವುದಿಲ್ಲ. ಜೊತೆಗೆ ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಎಂಬ ಸೌಲಭ್ಯವಿದೆ. ಅದು ಮೊದಲಿಗೆ ನಿಂತ ಸ್ಥಿತಿಯಲ್ಲೇ ಬರುವುದರಿಂದ ಬಹಳ ಜನರಿಗೆ ತಿಳಿದಿಲ್ಲ. ಚಾಲೂ ಮಾಡಿದರೆ, ಅಪರಿಚಿತ ಪ್ರೋಗ್ರಾಂಗಳು ನಿಮ್ಮ ಡಾಕ್ಯುಮೆಂಟ್ಸ್ ಮತ್ತು ಪಿಕ್ಚರ್ಸ್ ಫೋಲ್ಡರುಗಳಲ್ಲಿ ಏನನ್ನೂ ಬದಲಿಸದಂತೆ ತಡೆಯುತ್ತದೆ. ನುಡಿಯನ್ನೂ ತಡೆಯಬಹುದು, ಹಾಗಾದಾಗ ಅದನ್ನು ಅನುಮತಿಸಿದ ಪ್ರೋಗ್ರಾಂಗಳ ಪಟ್ಟಿಗೆ ನೀವೇ ಸೇರಿಸಬೇಕು.

ನುಡಿಯನ್ನು ವೈರಸ್ ಎಂದು ಭಾವಿಸಲು ಕಾರಣ ಊಹಿಸಬಹುದಾದದ್ದೇ. ಕನ್ನಡ ಕೀಲಿಮಣೆ ತಂತ್ರಾಂಶವು ನೀವು ಒತ್ತುವ ಪ್ರತಿಯೊಂದು ಕೀಲಿಯನ್ನೂ ನಡುವೆಯೇ ಹಿಡಿದು ಅದನ್ನು ಕನ್ನಡ ಅಕ್ಷರವಾಗಿಸುತ್ತದೆ. ಗುಪ್ತಪದ ಕದಿಯುವ ಬೇಹು ತಂತ್ರಾಂಶವೂ ಕೀಲಿಗಳನ್ನು ಹೀಗೆಯೇ ಹಿಡಿಯುವುದರಿಂದ ಆಂಟಿವೈರಸ್‌ಗೆ ಇವೆರಡರ ವ್ಯತ್ಯಾಸ ತಿಳಿಯದೆ ಹೋಗಬಹುದು. ನುಡಿಯ ಪ್ರತಿಯನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡಿದ್ದೀರೆಂದು ಖಚಿತಪಡಿಸಿಕೊಂಡ ಮೇಲೆ, ಆ ಫೋಲ್ಡರನ್ನು ‘ಎಕ್ಸ್‌ಕ್ಲೂಷನ್ಸ್’ (ಸ್ಕ್ಯಾನ್‌ನಿಂದ ಹೊರಗಿಡುವವುಗಳ) ಪಟ್ಟಿಗೆ ಸೇರಿಸಿ. ಗೆಳೆಯರ ಪೆನ್ ಡ್ರೈವ್‌ನಿಂದ ಬಂದ ಪ್ರತಿಗೆ ಈ ವಿನಾಯಿತಿ ಕೊಡಬೇಡಿ. ಯುನಿಕೋಡ್ ಎಂಬ ಸಾರ್ವತ್ರಿಕ ಅಕ್ಷರ ಸಂಕೇತದಲ್ಲಿ ಬರೆಯಲು ಅಭ್ಯಂತರವಿಲ್ಲದಿದ್ದರೆ ವಿಂಡೋಸ್ 10ರಲ್ಲಿಯೇ ಕನ್ನಡ ಕೀಲಿಮಣೆ ಇದೆ, ಅದಕ್ಕೆ ಈ ತೊಂದರೆಯೇ ಇಲ್ಲ.

ಹಳೆಯ ಆಂಟಿವೈರಸ್ ಅನ್ನು ತೆಗೆಯುವಾಗ ಅದೇ ಕಂಪನಿಯ ತಾಣದಲ್ಲಿ ಸಿಗುವ ತೆಗೆಯುವ ಸಾಧನವನ್ನು ಬಳಸಿ. ಅರೆಬರೆ ಉಳಿದರೆ ಡಿಫೆಂಡರ್ ತನ್ನ ಕೆಲಸವನ್ನು ಆರಂಭಿಸದೇ ಇರಬಹುದು. ಮನೆಯವರಿಗೂ ಒಂದು ಮಾತು ತಿಳಿಸಿ: ಬ್ಯಾಂಕಿನವರೆಂದು ಕರೆ ಮಾಡಿ, ಪರದೆ ಹಂಚಿಕೊಳ್ಳುವ ತಂತ್ರಾಂಶ ಹಾಕಿಕೊಳ್ಳಿ ಎಂದು ಹೇಳಿದರೆ, ಆ ತಂತ್ರಾಂಶ ಅಸಲಿಯೇ ಆಗಿರುವುದರಿಂದ ಆಂಟಿವೈರಸ್ ಅದನ್ನು ತಡೆಯುವುದಿಲ್ಲ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಮಲೆನಾಡ ಮೇಷ್ಟ್ರು, ಸಾಗರ

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಮಗಳು ಫೋನಿನಲ್ಲಿ ಹೇಳಿಕೊಟ್ಟಂತೆ ಹಳೆಯ ಆಂಟಿವೈರಸ್ ತೆಗೆದೆ. ಗಣಕವನ್ನು ಮತ್ತೆ ಹಚ್ಚಿದಾಗ ಡಿಫೆಂಡರ್ ತಾನಾಗಿಯೇ ಕೆಲಸ ಆರಂಭಿಸಿತ್ತು. ಭದ್ರತಾ ತೇಪೆಗಳ ಯೋಜನೆಗೆ ಹೆಸರು ನೋಂದಾಯಿಸಿದ್ದೇನೆ, ಮೊಮ್ಮಗನ ಖಾತೆ ಬೇರೆಯಾಗಿದೆ. ಫೋಲ್ಡರ್ ರಕ್ಷಣೆ ಚಾಲೂ ಮಾಡಿದ ಮೇಲೆ ನುಡಿಯಲ್ಲಿ ಬರೆದದ್ದು ಉಳಿಯದೆ ಹೋಯಿತು, ನೀವು ಹೇಳಿದಂತೆ ಪಟ್ಟಿಗೆ ಸೇರಿಸಿದಾಗ ಸರಿಯಾಯಿತು. ಜೆರಾಕ್ಸ್ ಅಂಗಡಿಗೆ ಇನ್ನು ಪೆನ್ ಡ್ರೈವ್ ಒಯ್ಯುವುದಿಲ್ಲ, ಲೇಖನಗಳನ್ನು ಪಿಡಿಎಫ್ ಮಾಡಿ ಅವರಿಗೆ ಇಮೇಲ್ ಕಳಿಸಲು ಒಪ್ಪಿಸಿದ್ದೇನೆ. ಪರವಾನಗಿಗೆಂದು ತೆಗೆದಿರಿಸಿದ್ದ ಹಣಕ್ಕೆ ಇನ್ನಷ್ಟು ಸೇರಿಸಿ ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನು ಕೊಂಡು, ಮೂವತ್ತು ವರ್ಷಗಳ ಬರಹಗಳನ್ನು ನಿನ್ನೆ ರಾತ್ರಿ ಅದಕ್ಕೆ ನಕಲು ಮಾಡಿದೆ. ಅದೀಗ ಬೀರುವಿನಲ್ಲಿದೆ.